ಚಿನ್ನದ ಕಂತು ಕಟ್ಟಿದವರ ದುಡ್ಡಿಗೆ ಕಾವಲು ಯಾರು? ನಮ್ಮ ರಾಜ್ಯದ ಕಾನೂನು ಎಲ್ಲಿ ಬಿಗಿಯಾಗಬೇಕು?

ತುಮಕೂರಿನ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಮ್ಮ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವರು. ತಂಗಿ ಮದುವೆಗೆ ಅಂತ ನಮ್ಮ ಕಡೆಯ ಒಂದು ಒಡವೆ ಅಂಗಡಿಯಲ್ಲಿ ತಿಂಗಳಿಗೆ 5,000 ರೂಪಾಯಿ ಕಂತು ಕಟ್ಟುತ್ತಿದ್ದರು. 11 ಕಂತು ನಿಮ್ಮದು, ಒಂದು ಕಂತು ನಮ್ಮದು ಅನ್ನುವ ಸ್ಕೀಮು, ನಿಮಗೆಲ್ಲ ಗೊತ್ತಿರುವುದೇ. 10 ಕಂತು ಮುಗಿದಿತ್ತು. ನಡುವೆ ಅಂಗಡಿಯವರು ಇನ್ನೊಂದು ಮಾತು ತೆಗೆದರು. ಮನೆಯಲ್ಲಿ ಹಳೆ ಚಿನ್ನ ಸುಮ್ನೆ ಬಿದ್ದಿದ್ದರೆ ತಂದಿಡಿ, ಒಂದು ವರ್ಷ ಬಿಟ್ಟು ಅಷ್ಟೇ ತೂಕದ ಹೊಸ ಒಡವೆ ಕೊಡುತ್ತೇವೆ, ವೇಸ್ಟೇಜೂ ಇಲ್ಲ, ಮಜೂರಿಯೂ ಇಲ್ಲ ಅಂದರು. ಅಮ್ಮ ಎರಡು ಬಳೆ ಬಿಚ್ಚಿ ಕೊಟ್ಟರು. 24 ಗ್ರಾಂ. ನಮ್ಮ ಅಜ್ಜಿ ಹಾಕಿಕೊಂಡಿದ್ದ ಬಳೆ.

ವರಮಹಾಲಕ್ಷ್ಮಿ ಹಬ್ಬ ಕಳೆದು ಎರಡು ವಾರಕ್ಕೆ ಅಂಗಡಿ ಬಾಗಿಲು ಹಾಕಿತು. ಮೊದಲು ‘ಒಳಗೆ ರಿಪೇರಿ ಕೆಲಸ ನಡೆಯುತ್ತಿದೆ’ ಅಂತ ಬೋರ್ಡಿತ್ತು. ಆಮೇಲೆ ಬೋರ್ಡೂ ಇಲ್ಲ, ಫೋನೂ ಇಲ್ಲ. ಸ್ಟೇಷನ್ನಿಗೆ ಹೋದರೆ, ‘ಇದು ಸಿವಿಲ್ ವ್ಯವಹಾರ ಕಣಮ್ಮ, ಕೋರ್ಟಿಗೆ ಹೋಗಿ’ ಅಂದರು. ಕೈಯಲ್ಲಿ ಇರುವುದು ಸೀಲು ಹಾಕಿದ ಒಂದು ಕಾರ್ಡು, ಬಳೆ ತೂಕ ಬರೆದುಕೊಟ್ಟ ಒಂದು ಚೀಟಿ, ಅಷ್ಟೇ.

ನನ್ನ ಪ್ರಶ್ನೆ ಎರಡು. ಈಗ ಅಮ್ಮ ಎಲ್ಲಿಗೆ ಹೋಗಬೇಕು? ಎರಡನೆಯದು ಇನ್ನೂ ಮುಖ್ಯ. ಐದು ಸಾವಿರ, ಹತ್ತು ಸಾವಿರ ಅಂತ ಊರವರ ದುಡ್ಡು ಇಷ್ಟು ಸಲೀಸಾಗಿ ಎತ್ತಬಹುದು ಅಂದರೆ, ಅದನ್ನು ಮೊದಲೇ ನೋಡುವವರು ಯಾರೂ ಇಲ್ಲವಾ?

ಕೋರ್ಟ್ ಅಂಗಳ

ತಂಗಿ, ಓದಿ ಬೇಜಾರಾಯಿತು. ಮೊದಲು ಕೆಲಸದ ಮಾತು.

ನಿಮಗೆ ಮೂರು ದಾರಿ ಇದೆ, ಮೂರನ್ನೂ ಒಟ್ಟಿಗೆ ಹಿಡಿಯಬಹುದು. ಒಂದು, ಪೊಲೀಸ್. ಇದು ಬರೀ ಸಿವಿಲ್ ಅಲ್ಲ. ಮೊದಲಿಂದಲೂ ಕೊಡುವ ಮನಸ್ಸಿಲ್ಲದೆ ದುಡ್ಡು ಎತ್ತಿದ್ದರೆ ಅದು ವಂಚನೆ. ಹಳೆ 420 ಈಗ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್. ನಂಬಿ ಕೊಟ್ಟ ಬಳೆ ನುಂಗಿದ್ದು ನಂಬಿಕೆ ದ್ರೋಹ, 316. ದೂರನ್ನು ಬರವಣಿಗೆಯಲ್ಲಿ ಕೊಡಿ. ಸ್ಟೇಷನ್ನಿನಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ, ಅಂಚೆ ರಸೀದಿ ಇಟ್ಟುಕೊಳ್ಳಿ.

ಎರಡು, ಜಿಲ್ಲಾ ಗ್ರಾಹಕರ ಆಯೋಗ. ನೀವು ಕೊಟ್ಟದ್ದು 5 ಲಕ್ಷದ ಒಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಬೇಕೇ ಬೇಕು ಅಂತಲೂ ಇಲ್ಲ, ಅಮ್ಮನೇ ನಿಂತು ಮಾತಾಡಬಹುದು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. 2 ವರ್ಷದ ಗಡುವಿದೆ, ಅದು ಮೀರಬಾರದು.

ಮೂರನೆಯದೇ ನಮ್ಮ ರಾಜ್ಯದ ಕಾನೂನು. 2004ರ ಕರ್ನಾಟಕ ಠೇವಣಿದಾರರ ಹಿತರಕ್ಷಣಾ ಕಾನೂನು. ಕೋರ್ಟುಗಳಲ್ಲಿ ಎಲ್ಲರೂ ಕೆಪಿಐಡಿ ಅನ್ನುತ್ತೇವೆ. ಮೋಸ ಮಾಡಿದವರ ಆಸ್ತಿಯನ್ನು ಸರ್ಕಾರ ಜಪ್ತಿ ಮಾಡಿ, ವಿಶೇಷ ಕೋರ್ಟಿನ ಮೂಲಕ ಹರಾಜು ಹಾಕಿ, ದುಡ್ಡು ಕಟ್ಟಿದವರಿಗೆ ಹಂಚುವುದು ಅದರ ಉದ್ದೇಶ. ಅದಕ್ಕೆ ಸಕ್ಷಮ ಪ್ರಾಧಿಕಾರ ಅಂತ ಒಬ್ಬ ಅಧಿಕಾರಿಯನ್ನು ನೇಮಿಸುತ್ತಾರೆ. ಒಬ್ಬರೇ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಐವತ್ತು ಜನ ಕಾರ್ಡು ಹಿಡಿದು ಡಿಸಿ ಕಚೇರಿಗೆ ಹೋಗಿ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಅಷ್ಟು ಸುಲಭ ಇಲ್ಲ. ನನ್ನ ಅನುಭವದಲ್ಲಿ ಈ ಕಾನೂನು ಎದ್ದು ಕೂರುವುದು ಅಂಗಡಿಯ ಶಟರ್ ಇಳಿದ ಮೇಲೆ. ಅಷ್ಟೊತ್ತಿಗೆ ಜಪ್ತಿ ಮಾಡಲು ಉಳಿದಿರುವುದು ಶೋಕೇಸ್ ಮತ್ತು ಕುರ್ಚಿ.

ಕುಂದಾಪುರ ಕಡಲು

ನಮ್ಮ ಕಡೆ ಮನೆ ಬಾಗಿಲಿಗೆ ಬಂದು ದುಡ್ಡು ಕಟ್ಟಿಸಿಕೊಳ್ಳುವುದು ಹೊಸದಲ್ಲ. 1928ರಲ್ಲೇ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಶುರು ಮಾಡಿದ್ದರು. ದಿನಕ್ಕೆ ಎರಡಾಣೆ ಕಟ್ಟಿ ಮಕ್ಕಳನ್ನು ಓದಿಸಿದವರು ನಮ್ಮ ಅಜ್ಜಿ ಕಾಲದಲ್ಲಿ ಎಷ್ಟೋ ಜನ. ಪುಸ್ತಕದಲ್ಲಿ ಬರೆದು ಸಹಿ ಹಾಕಿದರೆ ದುಡ್ಡು ಎಲ್ಲೂ ಹೋಗುವುದಿಲ್ಲ ಅನ್ನುವ ನಂಬಿಕೆ ಹಾಗೆ ಬಂದದ್ದು. ಆ ನಂಬಿಕೆಯನ್ನೇ ಈಗಿನವರು ಬಳಸಿಕೊಳ್ಳುತ್ತಿದ್ದಾರೆ. ಪಿಗ್ಮಿಯ ಹಿಂದೆ ಬ್ಯಾಂಕ್ ಇತ್ತು. ಈ ಕಾರ್ಡಿನ ಹಿಂದೆ ಏನಿದೆ ಅಂತ ಯಾರೂ ಕೇಳುವುದಿಲ್ಲ, ಕಾರ್ಡು ನೋಡಲಿಕ್ಕೆ ಒಂದೇ ಥರ ಇರುತ್ತದೆ.

ಅದಕ್ಕೇ ಅಮ್ಮನವರನ್ನು ಯಾರೂ ‘ದುರಾಸೆ’ ಅನ್ನಬೇಡಿ. ಮಗಳ ಮದುವೆಗೆ ಚಿನ್ನ ಕೂಡಿಡುವುದು ದುರಾಸೆ ಅಲ್ಲ.

ತುಮಕೂರಿನ ಮಗಳು

ಈ ಮಾತಿಗೆ ತುಂಬಾ ಥ್ಯಾಂಕ್ಸ್. ಮನೆಯಲ್ಲಿ ನೆಂಟರು ಅದನ್ನೇ ಹೇಳಿ ಹೇಳಿ ಅಮ್ಮ ಊಟ ಬಿಟ್ಟಿದ್ದರು.

ಕೋರ್ಟ್ ಅಂಗಳ ಸರ್, ಒಂದು ಅನುಮಾನ. ಅಂಗಡಿ ಕಾರ್ಡಿನ ಹಿಂದೆ ಸಣ್ಣಕ್ಷರದಲ್ಲಿ ‘ಇದು ಠೇವಣಿ ಅಲ್ಲ, ಖರೀದಿಗೆ ಮುಂಗಡ’ ಅಂತ ಅಚ್ಚಾಗಿದೆ. ಹಾಗಿದ್ದರೆ ಠೇವಣಿದಾರರ ಕಾನೂನು ನಮಗೆ ಬರುತ್ತದಾ?

ಕೋರ್ಟ್ ಅಂಗಳ

ಒಳ್ಳೆ ಪ್ರಶ್ನೆ. ಎಲ್ಲಾ ಕಳ್ಳದಾರಿ ಇರುವುದೇ ಆ ಸಣ್ಣಕ್ಷರದಲ್ಲಿ.

ಸ್ಕೀಮು 11 ತಿಂಗಳಿಗೇ ಯಾಕೆ ನಿಲ್ಲುತ್ತದೆ ಗೊತ್ತಾ? 2014ರ ಕಂಪನಿ ಠೇವಣಿ ನಿಯಮದಲ್ಲಿ, ಸಾಮಾನಿಗೆ ಅಂತ ಪಡೆದ ಮುಂಗಡವನ್ನು 365 ದಿನದೊಳಗೆ ಸಾಮಾನು ಕೊಟ್ಟು ತೀರಿಸಬೇಕು. ತೀರಿಸದಿದ್ದರೆ ಅದು ಠೇವಣಿ ಆಗುತ್ತದೆ. ಅದನ್ನು ತಪ್ಪಿಸಲು ಹನ್ನೊಂದು. ಆದರೆ ಆ ನಿಯಮ ಕಂಪನಿಗಳಿಗೆ ಮಾತ್ರ. ನಿಮ್ಮೂರಿನ ಅಂಗಡಿ ಒಬ್ಬರ ಹೆಸರಿನಲ್ಲೋ, ಅಣ್ಣ ತಮ್ಮಂದಿರ ಪಾಲುದಾರಿಕೆಯಲ್ಲೋ ಇದ್ದರೆ ಅದು ಅವರನ್ನು ಮುಟ್ಟುವುದಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ತಂದ ಅನಿಯಂತ್ರಿತ ಠೇವಣಿ ನಿಷೇಧ ಕಾನೂನು ಎಲ್ಲರಿಗೂ ಅನ್ವಯಿಸುತ್ತದೆ, ಶಿಕ್ಷೆಯೂ ಜೋರಾಗಿದೆ. ಆದರೆ ಅದರಲ್ಲೂ ನಿಜವಾದ ವ್ಯಾಪಾರಕ್ಕೆ ಪಡೆದ ಮುಂಗಡ ಠೇವಣಿ ಅಲ್ಲ ಅಂತ ಹೊರಗಿಟ್ಟಿದ್ದಾರೆ. ಹಾಗಾಗಿ ಅಂಗಡಿಯವರು ಮೊದಲು ಹೇಳುವುದೇ ‘ನಾವು ಮುಂಗಡ ಪಡೆದೆವು’ ಅಂತ.

ಆದರೆ ಕಾರ್ಡಿನ ಮೇಲೆ ಏನು ಅಚ್ಚು ಹಾಕಿದ್ದಾರೆ ಅನ್ನುವುದು ಕೊನೆಯ ಮಾತಲ್ಲ. ವ್ಯವಹಾರ ನಿಜವಾಗಿ ಏನಿತ್ತು ಅಂತ ಕೋರ್ಟು ನೋಡುತ್ತದೆ. ಪಕ್ಕದ ಮಹಾರಾಷ್ಟ್ರದ 1999ರ ಕಾನೂನು ನೋಡಿ. ಅಲ್ಲಿ ಠೇವಣಿ ಅಂದರೆ ದುಡ್ಡು ಮಾತ್ರ ಅಲ್ಲ, ಬೆಲೆಬಾಳುವ ಯಾವುದೇ ಸರಕು ಪಡೆದು ಮುಂದೆ ದುಡ್ಡಿನಲ್ಲೋ ವಸ್ತುವಿನಲ್ಲೋ ವಾಪಸ್ ಕೊಡುತ್ತೇನೆ ಅಂದರೂ ಠೇವಣಿಯೇ. ಸರಕು ವ್ಯಾಪಾರದ ನ್ಯಾಷನಲ್ ಸ್ಪಾಟ್ ಎಕ್ಸ್‌ಚೇಂಜ್ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟು ಈ ಅಗಲವಾದ ಅರ್ಥವನ್ನು ಎತ್ತಿ ಹಿಡಿಯಿತು. ನಿಮ್ಮ ಅಮ್ಮನ ಬಳೆಗೆ ನೇರವಾಗಿ ಹೊಂದುವ ಮಾತು ಅದು. ಮಜೂರಿ ಬಿಡುತ್ತೇವೆ ಅಂದದ್ದೇ ಲಾಭದ ಆಸೆ. ಇಲ್ಲೂ ಹಾಗೇ ವಾದ ಮಾಡಬೇಕು. ಜೊತೆಗೆ ‘ಕಂತಿನ ಸ್ಕೀಮು, ಹಳೆ ಚಿನ್ನದ ಸ್ಕೀಮು ಎರಡೂ ಠೇವಣಿಯೇ’ ಅಂತ ನಮ್ಮ ಕಾನೂನಿನಲ್ಲಿ ಒಂದು ಸಾಲು ಬಿಡಿಸಿ ಬರೆಯಬೇಕು. ಒಂದೇ ಸಾಲು ಸಾಕು, ವರ್ಷಗಟ್ಟಲೆ ವಾದ ಉಳಿಯುತ್ತದೆ.

ಹುಬ್ಬಳ್ಳಿ ಮೇಷ್ಟ್ರು

ಇಂಥ ಕಾನೂನು ಮೊದಲು ತಂದದ್ದು ತಮಿಳುನಾಡು, 1997ರಲ್ಲಿ. ಇದು ರಾಜ್ಯದ ಅಧಿಕಾರದಲ್ಲಿ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದರು. 2011ರಲ್ಲಿ ಕೋರ್ಟು ಆ ವಾದ ಒಪ್ಪಲಿಲ್ಲ. ಅಂದರೆ ‘ಇದು ದಿಲ್ಲಿಯ ಕೆಲಸ’ ಅಂತ ನಮ್ಮ ಶಾಸಕರು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಮನಸ್ಸು ಮಾಡಿದರೆ ನಮ್ಮ ಸರ್ಕಾರ ಎಷ್ಟು ಬೇಗ ಕಾನೂನು ತರುತ್ತದೆ ಅನ್ನುವುದನ್ನೂ ನೋಡಿದ್ದೇವೆ. 2025ರ ಆರಂಭದಲ್ಲಿ ಮೈಕ್ರೊ ಫೈನಾನ್ಸ್ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ದಿನಾ ಬರುತ್ತಿತ್ತು. ಫೆಬ್ರವರಿಯಲ್ಲೇ ಸುಗ್ರೀವಾಜ್ಞೆ ಬಂತು. ಸಾಲ ಕೊಡುವವರು ಜಿಲ್ಲೆಯಲ್ಲಿ ನೋಂದಣಿ ಮಾಡಿಸಬೇಕು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು. ಸಾಲ ಕೊಡುವವರಿಗೆ ನೋಂದಣಿ ಬೇಕು ಅನ್ನುವುದಾದರೆ, ಜನರಿಂದ ದುಡ್ಡು ಪಡೆಯುವವರಿಗೆ ಯಾಕೆ ಬೇಡ?

ಇನ್ನೊಂದು ಮಾತು, ಇದು ನನಗೆ ನೋವಿನದು. ಇಂಥ ಸ್ಕೀಮಿಗೆ ಜನ ಸೇರಿಸುವವರು ಹೊರಗಿನವರಲ್ಲ. ನಮ್ಮ ಓಣಿಯವರೇ, ನಮ್ಮ ಸಂಘದ ಅಕ್ಕಂದಿರೇ. ಅವರೂ ಮೋಸ ಹೋದವರು ಇರುತ್ತಾರೆ. ಹತ್ತು ಜನರನ್ನು ಸೇರಿಸಿದರೆ ಒಂದು ಬೆಳ್ಳಿ ದೀಪ ಅಂದರೆ ಯಾರು ಬೇಡ ಅಂತಾರೆ? ಆಮೇಲೆ ಬೈಗುಳ ಎಲ್ಲ ಅವರ ಮನೆ ಬಾಗಿಲಿಗೆ. 2019ರ ಕಾನೂನಿನಲ್ಲಿ, ಸುಳ್ಳು ಅಂತ ಗೊತ್ತಿದ್ದೂ ಆಸೆ ಹುಟ್ಟಿಸಿ ದುಡ್ಡು ಹಾಕಿಸಿದವರಿಗೂ ಶಿಕ್ಷೆ ಇದೆ. ‘ಗೊತ್ತಿದ್ದೂ’ ಅನ್ನುವ ಮಾತನ್ನು ಪೊಲೀಸರು ಮರೆಯಬಾರದು. ದೊಡ್ಡ ಏಜೆಂಟನ್ನು ಹಿಡಿಯಲಿ, ದೀಪಕ್ಕೆ ಆಸೆಪಟ್ಟ ಅಕ್ಕನನ್ನು ಸಾಕ್ಷಿ ಮಾಡಿಕೊಳ್ಳಲಿ.

ಗಟ್ಟಿ ಬಂಗಾರ

ನಾನು ದಾವಣಗೆರೆಯಲ್ಲಿ ಸಣ್ಣ ಒಡವೆ ಅಂಗಡಿ ನಡೆಸುವವನು. ಅಪ್ಪನ ಕಾಲದ ಅಂಗಡಿ. ನಮ್ಮಲ್ಲೂ ಕಂತಿನ ಸ್ಕೀಮು ಇದೆ. ಇಲ್ಲಿಯವರೆಗೆ ಒಬ್ಬರಿಗೂ ಒಂದು ದಿನ ತಡ ಮಾಡಿಲ್ಲ.

ಮೊದಲು ಹೇಳಿಬಿಡುತ್ತೇನೆ. ಆ ಅಂಗಡಿಯವರು ಮಾಡಿದ್ದು ನಮ್ಮ ಕಸುಬಿಗೇ ಮಾಡಿದ ಅವಮಾನ. ಒಬ್ಬರು ಓಡಿಹೋದರೆ ಮರುದಿನ ನಮ್ಮ ಅಂಗಡಿ ಮುಂದೆ ಜನ ನಿಲ್ಲುತ್ತಾರೆ, ನಮ್ಮ ದುಡ್ಡು ಕೊಡಿ ಅಂತ.

ಆದರೂ ನನಗೆ ಭಯ ಇದೆ. ಕಾನೂನು ಬಿಗಿ ಮಾಡಿ ಅಂತ ಎಲ್ಲರೂ ಹೇಳುವುದು ಸುಲಭ. ಫಾರಂ, ಆಡಿಟ್, ಬ್ಯಾಂಕ್ ಗ್ಯಾರಂಟಿ ಎಲ್ಲಾ ಬಂದರೆ ದೊಡ್ಡ ಶೋರೂಮಿನವರು ಒಂದು ಆಫೀಸು ಇಟ್ಟು ನಿಭಾಯಿಸುತ್ತಾರೆ. ನನ್ನಂಥವನು ಸ್ಕೀಮೇ ನಿಲ್ಲಿಸಬೇಕಾಗುತ್ತದೆ. ಆಮೇಲೆ ತಿಂಗಳಿಗೆ 1,000 ರೂಪಾಯಿ ಕಟ್ಟುವ ಹೂವಿನ ಅಂಗಡಿಯವರನ್ನು ಯಾವ ಶೋರೂಮು ಸೇರಿಸಿಕೊಳ್ಳುತ್ತದೆ? ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಕಂತಿನ ದುಡ್ಡಿನಲ್ಲೇ ನಾವು ಹಬ್ಬದ ಸ್ಟಾಕ್ ತರುವುದು. ಅದನ್ನು ಪೂರ್ತಿ ಬೇರೆ ಇಡು ಅಂದರೆ ಕಷ್ಟ.

ಕೋರ್ಟ್ ಅಂಗಳ

ಸ್ವಾಮಿ, ನೀವು ಬಿಚ್ಚಿ ಹೇಳಿದ್ದಕ್ಕೆ ಧನ್ಯವಾದ. ಸಮಸ್ಯೆಯ ಬೇರು ನಿಮ್ಮ ಆ ಒಂದು ವಾಕ್ಯದಲ್ಲೇ ಇದೆ. ಕಂತಿನ ದುಡ್ಡಿನಲ್ಲಿ ಸ್ಟಾಕ್ ತರುವುದು ಅಂದರೆ ಗ್ರಾಹಕರು ನಿಮಗೆ ಸಾಲ ಕೊಟ್ಟ ಹಾಗೆ. ಕೊಟ್ಟವರಿಗೆ ಅದು ಸಾಲ ಅಂತ ಗೊತ್ತಿಲ್ಲ. ನೀವು ಪ್ರಾಮಾಣಿಕರು, ಚಿನ್ನದ ರೇಟು ಏರಿದರೂ ಕೈಯಿಂದ ಹಾಕಿ ಕೊಡುತ್ತೀರಿ. ಎಲ್ಲರೂ ಹಾಗಿರುವುದಿಲ್ಲ ಅಲ್ವಾ?

ಇದನ್ನು ಕಾನೂನು ಬೇರೆ ಕಡೆ ಈಗಾಗಲೇ ಮಾಡಿದೆ. ಚೀಟಿ ನಡೆಸುವವರು 1982ರ ಚಿಟ್ ಫಂಡ್ ಕಾನೂನಿನ ಪ್ರಕಾರ ಮೊದಲೇ ಅನುಮತಿ ಪಡೆಯಬೇಕು, ಭದ್ರತಾ ಠೇವಣಿ ಇಡಬೇಕು. ಬಿಲ್ಡರ್‌ಗಳಿಗೆ 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾನೂನು ಬಂದ ಮೇಲೆ, ಮನೆ ಕೊಳ್ಳುವವರಿಂದ ಪಡೆದ ದುಡ್ಡಿನಲ್ಲಿ 70 ಪರ್ಸೆಂಟ್ ಬೇರೆ ಖಾತೆಯಲ್ಲಿ ಇರಬೇಕು, ಅದೇ ಕಟ್ಟಡಕ್ಕೆ ಮಾತ್ರ ತೆಗೆಯಬೇಕು. ಚೀಟಿಗೆ ಕಾವಲಿದೆ, ಮನೆಗೆ ಕಾವಲಿದೆ. ಚಿನ್ನದ ಕಂತಿಗೆ ಮಾತ್ರ ಇಲ್ಲ.

ಕೆಂಗೇರಿ ಫ್ಲಾಟು

70 ಪರ್ಸೆಂಟ್ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಬೇರೆ ಖಾತೆ ಮಾಡಿದರೆ ಎಲ್ಲ ಸರಿಹೋಯಿತು ಅಂತ ದಯವಿಟ್ಟು ತಿಳಿಯಬೇಡಿ.

ನನ್ನ ಕಡೆ ರೇರಾ ಆದೇಶ ಆಗಿದೆ. ಬಡ್ಡಿ ಸಮೇತ ವಾಪಸ್ ಕೊಡಿ ಅಂತ. ಬಿಲ್ಡರ್ ಕೊಡಲಿಲ್ಲ. ಕಾನೂನಿನಲ್ಲಿ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬೇಕು ಅಂತಿದೆ. ವಸೂಲಿ ಪತ್ರ ಡಿಸಿ ಕಚೇರಿಗೆ, ಅಲ್ಲಿಂದ ತಹಶೀಲ್ದಾರ್ ಕಚೇರಿಗೆ ಹೋಯಿತು. ನಾನು ಆ ಕಚೇರಿಗೆ ಹೋದ ಸಲ ಲೆಕ್ಕವಿಲ್ಲ. ಚುನಾವಣೆ ಕೆಲಸ, ಸರ್ವೆ ಕೆಲಸ, ಸಾಹೇಬರ ವರ್ಗಾವಣೆ. ಗೆದ್ದು ಮೂರು ವರ್ಷ ಆಯಿತು, ಇನ್ನೂ ಬಾಡಿಗೆ ಮತ್ತು ಸಾಲದ ಕಂತು ಎರಡನ್ನೂ ಕಟ್ಟುತ್ತಿದ್ದೇನೆ. ಆ ಸಿಬ್ಬಂದಿಯ ಮೇಲೆ ನನಗೆ ಕೋಪ ಇಲ್ಲ. ಅವರಿಗಿರುವ ನೂರು ಕೆಲಸದಲ್ಲಿ ನಮ್ಮದು ನೂರೊಂದನೆಯದು.

ಹೊಸ ಕಾನೂನು ತಂದರೂ ಅಷ್ಟೇ. ವಸೂಲಿಗೆ ಅಂತಲೇ ಒಬ್ಬ ಅಧಿಕಾರಿ, ಅದೇ ಪೂರ್ತಿ ಕೆಲಸ, ಬೇರೆ ಏನೂ ಇಲ್ಲ ಅನ್ನುವ ಹಾಗೆ ಇರಬೇಕು. ಪ್ರತಿ ಜಿಲ್ಲೆಗೆ ಒಬ್ಬರು. ಅದಿಲ್ಲದಿದ್ದರೆ ತುಮಕೂರಿನ ಅಮ್ಮನೂ ನನ್ನ ಹಾಗೆ ಒಂದು ಆದೇಶದ ಕಾಗದ ಫೈಲಿನಲ್ಲಿ ಇಟ್ಟುಕೊಂಡು ಓಡಾಡುತ್ತಾರೆ.

ಕೋರ್ಟ್ ಅಂಗಳ

ನೂರಕ್ಕೆ ನೂರು ಸರಿ. ಗ್ರಾಹಕರ ಆಯೋಗದಲ್ಲೂ ಇದೇ ಕಥೆ ನಡೆದಿತ್ತು. ಹಳೆ ಕಾನೂನಿಗೆ 2003ರಲ್ಲಿ ತಿದ್ದುಪಡಿ ಬಂದಾಗ ಬರವಣಿಗೆಯಲ್ಲಿ ಎಡವಟ್ಟಾಗಿ, ಸಿವಿಲ್ ಕೋರ್ಟಿನ ತೀರ್ಪಿನಂತೆ ಜಾರಿ ಮಾಡುವ ಅವಕಾಶ ‘ಮಧ್ಯಂತರ ಆದೇಶ’ಕ್ಕೆ ಮಾತ್ರ ಉಳಿಯಿತು. 2020ರಲ್ಲಿ ಹೊಸ ಕಾನೂನು ಜಾರಿಯಾಗುವವರೆಗೂ ಹಾಗೇ ಇತ್ತು. ಆ ಅವಧಿಯ ಅಂತಿಮ ಆದೇಶಗಳೂ ಜಾರಿಯಾಗಬೇಕು, ‘ಯಾವುದೇ ಆದೇಶ’ ಅಂತಲೇ ಓದಿಕೊಳ್ಳಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2025ರ ಆಗಸ್ಟಿನಲ್ಲಿ. ಒಂದು ಪದಕ್ಕೆ ಗೆದ್ದವರು ಎಷ್ಟು ವರ್ಷ ಕಾದರು ನೋಡಿ. ಈಗಿನ ಕಾನೂನಿನಲ್ಲಿ ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ 3 ವರ್ಷದವರೆಗೆ ಜೈಲಿದೆ. ಹಾಗಾಗಿ ತಂಗಿ, ಆದೇಶ ಬಂದ ಮೇಲೆ ಕೊಟ್ಟ ಗಡುವು ಮುಗಿದ ಮಾರನೇ ದಿನವೇ ಜಾರಿ ಅರ್ಜಿ ಹಾಕಿ, ಕಾಯಬೇಡಿ.

ಜಪ್ತಿ ಆದ ಆಸ್ತಿಯಲ್ಲಿ ಮೊದಲ ಪಾಲು ಯಾರಿಗೆ ಅನ್ನುವುದೂ ಮುಖ್ಯ. ಕೇಂದ್ರದ 2019ರ ಕಾನೂನು ಠೇವಣಿದಾರರಿಗೆ ಆದ್ಯತೆ ಅನ್ನುತ್ತದೆ, ಆದರೆ ಸರ್ಫೇಸಿ (ಅಡವಿಟ್ಟ ಆಸ್ತಿ ಮಾರಿ ಬ್ಯಾಂಕು ಸಾಲ ವಸೂಲಿ ಮಾಡುವ ಕಾನೂನು) ಮತ್ತು ದಿವಾಳಿ ಕಾನೂನಿನ ಮಾತು ಬಂದರೆ ಹಿಂದೆ ಸರಿಯುತ್ತದೆ. ಅಂಗಡಿ ಕಟ್ಟಡ ಬ್ಯಾಂಕಿಗೆ ಅಡವಿದ್ದರೆ ಬ್ಯಾಂಕೇ ಮೊದಲು. ರಾಜ್ಯದ ಕಾನೂನಿಗೆ ಇಲ್ಲಿ ಜಾಸ್ತಿ ಬಲ ಇದೆ. ಮಹಾರಾಷ್ಟ್ರದ ಕಾನೂನಿನಡಿ ಜಪ್ತಿ ಆದ ಆಸ್ತಿಯ ಮೇಲೆ ಅಡಮಾನ ಇಟ್ಟುಕೊಂಡು ಸಾಲ ಕೊಟ್ಟವರು ಸರ್ಫೇಸಿ ಹೆಸರಿನಲ್ಲಿ ಆದ್ಯತೆ ಕೇಳುವ ಹಾಗಿಲ್ಲ ಅಂತ 2025ರ ಮೇ ತಿಂಗಳಲ್ಲಿ ತೀರ್ಪು ಬಂದಿದೆ. ಅದಕ್ಕೇ ನಾನು ರಾಜ್ಯದ ಕಾನೂನು, ರಾಜ್ಯದ ಕಾನೂನು ಅಂತ ಹೇಳುತ್ತಿರುವುದು.

ವೂಸ್ಟರ್ ಕನ್ನಡಿಗ

ನಾನು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಇರುವವನು, ಊರು ಅರಸೀಕೆರೆ. ಇಲ್ಲಿ ಗ್ರಾಹಕರ ಕಾನೂನಿನಲ್ಲಿ ರಾಜ್ಯದ ಪಾತ್ರ ತುಂಬಾ ದೊಡ್ಡದು, ಅದಕ್ಕೆ ಎರಡು ಮಾತು.

ಇಲ್ಲಿ 93ಎ ಅಂತ ಒಂದು ಕಾನೂನಿದೆ, 1967ರದ್ದು. ಮೋಸದ ವ್ಯಾಪಾರ ಆದರೆ ಗ್ರಾಹಕ ಮೊದಲು ಒಂದು ನೋಟಿಸ್ ಪತ್ರ ಕಳಿಸಬೇಕು. ಅಂಗಡಿಯವರಿಗೆ 30 ದಿನ. ಅಷ್ಟರಲ್ಲಿ ನ್ಯಾಯವಾದ ಪರಿಹಾರ ಮುಂದಿಟ್ಟರೆ ಬಚಾವು. ಬೇಕೆಂದೇ ಮೋಸ ಮಾಡಿದ್ದು ಕೋರ್ಟಿನಲ್ಲಿ ಸಾಬೀತಾದರೆ ನಷ್ಟದ ಎರಡು ಪಟ್ಟು, ಮೂರು ಪಟ್ಟಿನವರೆಗೂ ಕೊಡಬೇಕು. ಗೆದ್ದವರ ವಕೀಲರ ಫೀಜೂ ಅವರ ತಲೆಗೇ. ಅದಕ್ಕೆ ನನ್ನ ಒಂದು ಕಾರ್ ರಿಪೇರಿ ಜಗಳ ಪತ್ರದಲ್ಲೇ ಮುಗಿದಿತ್ತು.

ಆದರೆ ಎಲ್ಲಾ ರಾಜ್ಯ ಹೀಗಿಲ್ಲ. ಮಿಷಿಗನ್‌ನಲ್ಲೂ 1976ರ ಒಳ್ಳೆ ಕಾನೂನಿತ್ತು. 1999ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಬೇರೆ ಕಾನೂನಿನ ಕೆಳಗೆ ಅನುಮತಿ ಪಡೆದು ನಡೆಸುವ ವ್ಯವಹಾರಕ್ಕೆ ಇದು ಅನ್ವಯಿಸುವುದಿಲ್ಲ ಅನ್ನುವ ಅರ್ಥ ಮಾಡಿತು. 2007ರಲ್ಲಿ ಲೈಸೆನ್ಸ್ ಇರುವ ಮನೆ ಕಟ್ಟುವವರೂ ಹೊರಗೆ ಹೋದರು. ಪುಸ್ತಕದಲ್ಲಿ ಕಾನೂನು ಇದೆ, ಒಳಗೆ ಟೊಳ್ಳು. ನೀವು ಹೊಸ ಸಾಲು ಬರೆಸುವಾಗ ‘ನೋಂದಣಿ ಇದ್ದರೂ ಮೋಸಕ್ಕೆ ಹೊಣೆ ತಪ್ಪುವುದಿಲ್ಲ’ ಅಂತ ಸ್ಪಷ್ಟವಾಗಿ ಬರೆಸಿ. ಇಲ್ಲದಿದ್ದರೆ ನೋಂದಣಿ ಪತ್ರವೇ ಗುರಾಣಿ ಆಗುತ್ತದೆ.

ಹುಬ್ಬಳ್ಳಿ ಮೇಷ್ಟ್ರು

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನಮ್ಮಲ್ಲೂ ಫ್ರೇಮ್ ಹಾಕಿದ ಸರ್ಟಿಫಿಕೇಟ್ ನೋಡಿಯೇ ಜನ ನಂಬುವುದು. ಜಿಎಸ್‌ಟಿ ನಂಬರ್ ತೋರಿಸಿ ‘ಸರ್ಕಾರದ ಮಾನ್ಯತೆ ಇದೆ’ ಅಂದವರನ್ನು ನಾನೇ ನೋಡಿದ್ದೇನೆ.

ಗಟ್ಟಿ ಬಂಗಾರ

ನಿನ್ನೆಯಿಂದ ಯೋಚಿಸುತ್ತಾ ಇದ್ದೆ. ಹಾಲ್‌ಮಾರ್ಕ್ 2021ರಲ್ಲಿ ಕಡ್ಡಾಯ ಆದಾಗಲೂ ನಮ್ಮ ಅಂಗಡಿಗಳು ಮುಚ್ಚಿಹೋಗುತ್ತವೆ ಅಂತ ನಾವೆಲ್ಲ ಗಾಬರಿ ಬಿದ್ದಿದ್ದೆವು. 2023ರ ಏಪ್ರಿಲ್‌ನಿಂದ ಪ್ರತಿ ಒಡವೆಗೂ ಆರು ಅಕ್ಷರದ ಗುರುತು ಬಂತು. ಈಗ ಗಿರಾಕಿ ಬಂದು ಮೊಬೈಲಿನಲ್ಲಿ ಆ ಗುರುತು ಹಾಕಿ ನೋಡಿ ನೆಮ್ಮದಿಯಿಂದ ಕೊಳ್ಳುತ್ತಾರೆ. ಸಣ್ಣ ಅಂಗಡಿಗೆ ಅದರಿಂದ ಒಳ್ಳೆಯದೇ ಆಯಿತು. ದೊಡ್ಡ ಹೆಸರಿಲ್ಲದಿದ್ದರೂ ನಂಬುತ್ತಾರೆ.

ಹಾಗೇ ಕಂತಿಗೂ ಮಾಡಬಹುದು. ನನ್ನ ಸಲಹೆ ಇದು. ಪ್ರತಿ ಕಂತು ಕಟ್ಟಿದ ದಿನವೇ ಆ ದಿನದ ರೇಟಿನಲ್ಲಿ ಎಷ್ಟು ಗ್ರಾಂ ಆಯಿತು ಅಂತ ಕಾರ್ಡಿನಲ್ಲಿ ಬರೆಯಬೇಕು. ಕೆಲವು ಅಂಗಡಿಯವರು ಈಗಲೇ ಹೀಗೆ ಮಾಡುತ್ತಾರೆ. ದುಡ್ಡಿನಲ್ಲಿ ಅರ್ಧವಾದರೂ ಬೇರೆ ಖಾತೆಯಲ್ಲಿ ಇರಲಿ. ಹಳೆ ಚಿನ್ನ ಇಟ್ಟುಕೊಳ್ಳುವ ಸ್ಕೀಮು ಪೂರ್ತಿ ನಿಲ್ಲಿಸಿದರೂ ನನ್ನ ಅಭ್ಯಂತರ ಇಲ್ಲ. ಇಟ್ಟ ಬಳೆ ಆ ವಾರವೇ ಕರಗಿಹೋಗುತ್ತದೆ. ಅದನ್ನು ಗಿರಾಕಿಗೆ ಯಾರೂ ಹೇಳುವುದಿಲ್ಲ.

ತುಮಕೂರಿನ ಮಗಳು

ಕರಗಿಹೋಗುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಅಮ್ಮ ಆ ಬಳೆ ಎಲ್ಲೋ ಒಂದು ಲಾಕರಿನಲ್ಲಿ ಇದೆ ಅಂತಲೇ ಅಂದುಕೊಂಡಿದ್ದಾರೆ. ಇನ್ನೂ ಹೇಳಿಲ್ಲ.

ಕುಂದಾಪುರ ಕಡಲು

ನೋಡಿ, ಮೋಸದ ಮಾತು ಅಂದರೆ ಇದೇ. ಬಾಯಲ್ಲಿ ಸುಳ್ಳು ಹೇಳಿದರೆ ಮಾತ್ರ ಮೋಸ ಅಲ್ಲ. ನಿಮ್ಮ ಬಳೆ ಕರಗಿಸುತ್ತೇವೆ, ನಿಮ್ಮ ದುಡ್ಡಿನಲ್ಲಿ ವ್ಯಾಪಾರ ಮಾಡುತ್ತೇವೆ ಅಂತ ಹೇಳದೇ ಇರುವುದೂ ಮೋಸವೇ. ಕಾರ್ಡಿನ ಮುಂದಿನ ಪುಟದಲ್ಲಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಈ ಎರಡು ವಾಕ್ಯ ಇರಬೇಕು ಅಂತ ನಿಯಮ ಮಾಡಿದರೆ ಅರ್ಧ ಜನ ಅಲ್ಲೇ ನಿಂತು ಎರಡು ಸಲ ಯೋಚಿಸುತ್ತಾರೆ.

ಕೆಂಗೇರಿ ಫ್ಲಾಟು

ಯಾರು ಯಾವಾಗ ಪರಿಶೀಲಿಸುತ್ತಾರೆ ಅನ್ನುವುದನ್ನೂ ಸೇರಿಸಿ. ಲಾಭದ ಆಸೆ ತೋರಿಸಿ ಜನರ ದುಡ್ಡು ಎತ್ತಿದ ಬೆಂಗಳೂರಿನ ಐಎಂಎ ನೆನಪಿದೆಯಾ? 2019ರ ಜೂನ್‌ನಲ್ಲಿ ಶಿವಾಜಿನಗರದ ರಸ್ತೆಯಲ್ಲಿ ಸಾವಿರಾರು ಜನ ನಿಂತಿದ್ದರು. 2004ರ ಕಾನೂನು ಆಗಲೂ ಇತ್ತು. ಆ ಸಂಸ್ಥೆ ವರ್ಷಗಟ್ಟಲೆ ಎಲ್ಲರ ಕಣ್ಣೆದುರೇ ನಡೆದಿತ್ತು. ದೂರು ಬರಲಿ ಅಂತ ಕಾಯುವುದನ್ನು ಬಿಡಬೇಕು. ದುಡ್ಡು ಸರಿಯಾಗಿ ಬರುತ್ತಿರುವವರೆಗೆ ಯಾರೂ ದೂರು ಕೊಡುವುದಿಲ್ಲ.

ಕೋರ್ಟ್ ಅಂಗಳ

ಅದೇ ಎಲ್ಲಕ್ಕಿಂತ ದೊಡ್ಡ ಮಾತು. ಅನುಮಾನ ಬಂದ ಕೂಡಲೇ ಯಾರಾದರೂ ರಿಸರ್ವ್ ಬ್ಯಾಂಕಿನ ‘ಸಚೇತ್’ ಪೋರ್ಟಲ್‌ನಲ್ಲಿ ಮಾಹಿತಿ ಹಾಕಬಹುದು, 2016ರಿಂದ ಇದೆ. 1915ಕ್ಕೆ ಫೋನ್ ಮಾಡಿದರೆ ಗ್ರಾಹಕರ ಸಹಾಯವಾಣಿ ಸಿಗುತ್ತದೆ. ಆದರೆ ಜಿಲ್ಲೆಯಲ್ಲಿ ಅಂಗಡಿಗೆ ಹೋಗಿ ಲೆಕ್ಕದ ಪುಸ್ತಕ ತೆಗೆಸಿ ನೋಡುವ ಒಬ್ಬ ಮನುಷ್ಯ ಬೇಕು.

ಇಲ್ಲಿ ಬಂದ ಸಲಹೆಗಳನ್ನೆಲ್ಲ ಸೇರಿಸಿ ಒಂದು ಮನವಿ ಬರೆಯುತ್ತೇನೆ. ಸಹಕಾರ ಇಲಾಖೆ, ಕಂದಾಯ ಇಲಾಖೆ ಮತ್ತು ನಮ್ಮ ನಮ್ಮ ಶಾಸಕರಿಗೆ ಕಳಿಸೋಣ. ಗಟ್ಟಿ ಬಂಗಾರ ಅವರೇ, ವ್ಯಾಪಾರಿಗಳ ಕಡೆಯಿಂದ ನೀವು ಸಹಿ ಹಾಕಿದರೆ ಅದಕ್ಕೆ ತೂಕ ಬರುತ್ತದೆ.

ಗಟ್ಟಿ ಬಂಗಾರ

ಹಾಕುತ್ತೇನೆ. ನಮ್ಮ ಸಂಘದಲ್ಲೂ ಓದಿ ಹೇಳುತ್ತೇನೆ. ಕೆಲವರು ಬೈಯುತ್ತಾರೆ, ಪರವಾಗಿಲ್ಲ.

ತುಮಕೂರಿನ ಮಗಳು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎಸ್‌ಪಿ ಕಚೇರಿಗೆ ಅಂಚೆಯಲ್ಲಿ ಕಳಿಸಿದ ದೂರಿಗೆ ಎಫ್‌ಐಆರ್ ಆಯಿತು. ಗ್ರಾಹಕರ ಆಯೋಗದಲ್ಲೂ ಅರ್ಜಿ ಹಾಕಿದೆವು. ಒಂದೇ ಥರ ಮೋಸ ಹೋದವರು ಸೇರಿ ಒಂದೇ ಅರ್ಜಿ ಹಾಕಲು ಅನುಮತಿ ಕೇಳಬಹುದು ಅಂತ ಕೋರ್ಟ್ ಅಂಗಳ ಸರ್ ಹೇಳಿದ್ದರು. ಹಾಗೇ ಕೇಳಿದ್ದೇವೆ. ಈಗ 34 ಜನ ಆಗಿದ್ದೇವೆ. ಅದರಲ್ಲಿ ಜನರನ್ನು ಸೇರಿಸಿದ್ದ ಒಬ್ಬ ಅಕ್ಕನೂ ಇದ್ದಾರೆ. ಅಳುತ್ತಲೇ ಬಂದರು. ಅಮ್ಮನೇ ಪಕ್ಕದಲ್ಲಿ ಕೂರಿಸಿಕೊಂಡು ಕಾಫಿ ಕೊಟ್ಟರು.

ಬಳೆ ವಿಷಯ ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಅರ್ಜಿಯಲ್ಲಿ ಬಳೆ ಅಂತ ಬರೀಬೇಡ, 24 ಗ್ರಾಂ ಅಂತ ಬರಿ’ ಅಂದರು.

ಬರುವ ಭಾನುವಾರ ಬೆಳಿಗ್ಗೆ 11ಕ್ಕೆ ನಮ್ಮ ಮನೆಯಲ್ಲೇ ಎಲ್ಲರೂ ಸೇರುತ್ತಿದ್ದೇವೆ. ಅದೇ ಅಂಗಡಿಯಲ್ಲಿ ಕಂತು ಕಟ್ಟಿದವರು ಇಲ್ಲಿ ಯಾರಾದರೂ ಇದ್ದರೆ ನನಗೆ ಸಂದೇಶ ಕಳಿಸಿ, ವಿಳಾಸ ಕೊಡುತ್ತೇನೆ. ಕಾರ್ಡಿನ ಎರಡೂ ಬದಿಯ ಜೆರಾಕ್ಸ್, ಫೋನ್‌ಪೇ ಅಥವಾ ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಅಂಗಡಿಯವರು ಕಳಿಸಿದ ವಾಟ್ಸಾಪ್ ಮೆಸೇಜು ಇದ್ದರೆ ಅಳಿಸದೆ ಹಾಗೇ ತನ್ನಿ. ಹಬ್ಬದ ಸಮಯದಲ್ಲಿ ಹಂಚಿದ ಪಾಂಪ್ಲೆಟ್ ಯಾರ ಹತ್ತಿರವಾದರೂ ಉಳಿದಿದ್ದರೆ ಅದು ನಮಗೆ ತುಂಬಾ ಬೇಕಾಗಿದೆ.